ನೆಲ ಡೊಂಕೋ, ಕುಣಿತ ಡೊಂಕೋ?

“ಕುಣಿಯಲಾರದವಳು ನೆಲ ಡೊಂಕೆಂದಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರುಂಟೆ? ನಮ್ಮ ತಾಯಂದಿರು ಇದನ್ನು ಅಡಿಗೆಮನೆಯಲ್ಲಿ ಆಡುತ್ತಾರೆ, ಅಧ್ಯಾಪಕರು ತರಗತಿಯಲ್ಲಿ ಆಡುತ್ತಾರೆ, ಚುನಾವಣೆಯ ಫಲ ಹೊರಬಿದ್ದ ಮರುದಿನ ಗೆದ್ದವರು ಸೋತವರನ್ನು ಕುರಿತು ಆಡುತ್ತಾರೆ. ಗಾದೆಯ ತೀರ್ಪು ಎಂದಿಗೂ ಒಂದೇ: ನೆಲ ಸರಿಯಾಗಿದೆ, ಕುಣಿಯುವವಳಲ್ಲಿ ಕೊರತೆಯಿದೆ. ಆದರೆ ಆ ಹೆಣ್ಣುಮಗಳು ಕುಣಿದ ನೆಲವನ್ನು ಯಾರಾದರೂ ಹೋಗಿ ನೋಡಿದರೆ? ಗಾರೆಯವರು ಇಡುವಂತೆ ರಸಮಟ್ಟ ಇಟ್ಟು ಪರೀಕ್ಷಿಸಿದರೆ? ಅಳೆದು ನೋಡದೆ ತೀರ್ಪು ಕೊಟ್ಟ ಈ ಗಾದೆಯ ಮೇಲೆ ನನಗೆ ಈಚೆಗೆ ಸ್ವಲ್ಪ ಸಂಶಯ ಹುಟ್ಟಿದೆ.

ಬಿಡದೆ ಕಾಡುವ ತೊಂದರೆಯೊಂದಕ್ಕೆ ಕಾರಣ ಹೊರಗಿದೆಯೋ, ನಮ್ಮ ಮನಸ್ಸಿನಲ್ಲೇ ಇದೆಯೋ ಎಂದು ತಿಳಿಯುವ ಬಗೆ ಯಾವುದು? ಈ ಲೇಖನದ ವಿಷಯ ಇಷ್ಟೆ. ವಾಸ್ತವವಾಗಿ ಇದು ಪಂಡಿತರು ಎತ್ತಿಕೊಳ್ಳಬೇಕಾದ ಪ್ರಶ್ನೆ. ನಾನಾದರೋ ಇಂಗ್ಲಿಷಿನಲ್ಲಿ ಮೂರು ಸಲ ನಪಾಸಾದ ಒಬ್ಬ ಬಿ.ಎ. ವಿದ್ಯಾರ್ಥಿ. ಆ ಅರ್ಹತೆಯ ಬಲದಿಂದಲೇ ಲೇಖನಿ ಹಿಡಿದಿದ್ದೇನೆ; ಗುರುಗಳೂ ಸಹಪಾಠಿಗಳೂ ಸಹಿಸಿಕೊಳ್ಳಬೇಕು.

ಮೊದಲನೆಯ ಸಲ ತೇರ್ಗಡೆಗೆ 7 ಅಂಕ ಕಡಮೆಯಾದಾಗ ನಾನು ದೂರಿದ್ದು ದೀಪವನ್ನು. ನಮ್ಮ ಊರು ತಿಪಟೂರಿನಿಂದಾಚೆ, ತೆಂಗಿನ ತೋಟಗಳ ನಡುವೆ ಇದೆ. ಪರೀಕ್ಷೆಗೆ ಓದಲೆಂದು ರಜೆಯಲ್ಲಿ ಊರಿಗೆ ಹೋಗಿದ್ದೆ. ಸಂಜೆ ಏಳಕ್ಕೆ ಹೋದ ಕರೆಂಟು ಹತ್ತಕ್ಕೆ ಬರುತ್ತಿತ್ತು. ಅಪ್ಪ ಏನೂ ಮಾತನಾಡದೆ ಚಾರ್ಜು ಮಾಡುವ ದೀಪವೊಂದನ್ನು ತಂದುಕೊಟ್ಟರು. ಎರಡನೆಯ ಸಲ 5 ಅಂಕ ಕಡಮೆಯಾಯಿತು. ಆಗ ದೂರು ಪುಸ್ತಕದ ಮೇಲೆ ಹೋಯಿತು, ವಿದ್ಯಾರ್ಥಿನಿಲಯದ ಗದ್ದಲದ ಮೇಲೆ ಹೋಯಿತು. ಒಂದಕ್ಕೆ ಎರಡು ಗೈಡುಗಳನ್ನು ಕೊಂಡೆ. ವಾರ್ಡನ್ನರನ್ನು ಬೇಡಿ ಮೂಲೆಯ ಕೊಠಡಿಗೆ ಬದಲಾಯಿಸಿಕೊಂಡೆ. ಮೂರನೆಯ ಸಲಕ್ಕೆ ಟ್ಯೂಷನ್ ಇಲ್ಲದೆ ಆಗುವುದಿಲ್ಲವೆಂದು ಮನೆಗೆ ತಿಳಿಸಿದೆ.

ಟ್ಯೂಷನ್ನಿನ ಹಣಕ್ಕಾಗಿ ಅಪ್ಪ ಅಟ್ಟದ ಮೇಲಿದ್ದ ಕೊಬ್ಬರಿಯನ್ನು ಇಳಿಸಿ, ಸುಲಿಸಿ, ತಿಪಟೂರಿನ ಮಾರುಕಟ್ಟೆಗೆ ಹಾಕಿ ಬಂದರು. ತೆಂಗಿನ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇದ್ದು, ಒಳಗಿನ ನೀರು ಇಂಗಿ, ತಿರುಳು ಉಂಡೆಯಾಗಿ ಕಳಚಬೇಕು. ಆದ ಮೇಲೂ ಬೆಲೆ ಏರುವ ತನಕ ತಡೆದುಕೊಳ್ಳಬೇಕು. ತಡೆಯಬಲ್ಲವನಿಗೆ ಲಾಭ, ತಡೆಯಲಾರದವನಿಗೆ ನಷ್ಟ. ನನ್ನ ಇಂಗ್ಲಿಷಿನ ದೆಸೆಯಿಂದ ಅಪ್ಪ ಆ ವರ್ಷ ತಡೆಯಲಾರದವರ ಸಾಲಿಗೆ ಸೇರಿದರು. ಮೂರನೆಯ ಸಲ ನನಗೆ 8 ಅಂಕ ಕಡಮೆಯಾಯಿತು.

ಫಲ ತಿಳಿದ ದಿನ ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. “ಇನ್ನೇನು ಬೇಕು ಹೇಳಪ್ಪ” ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನೂ ಸಿಟ್ಟಾಗಿ ಒಂದು ಮಾತು ಆಡಿ ಎದ್ದುಹೋಗಬಹುದಾಗಿತ್ತು. ಅವರು ನಿಜವಾಗಿಯೇ ಕೇಳಿದರು. ನನಗೆ ಹೇಳಲು ಏನೂ ಉಳಿದಿರಲಿಲ್ಲ.

ಆ ದಿನಗಳಲ್ಲಿ ನಮಗೆ ತರ್ಕಶಾಸ್ತ್ರದ ತರಗತಿಯಲ್ಲಿ ಜಾನ್ ಸ್ಟುವರ್ಟ್ ಮಿಲ್ಲನ ಪಾಠ ನಡೆಯುತ್ತಿತ್ತು. ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಶಾಸ್ತ್ರದ ದೊಡ್ಡ ಗ್ರಂಥದಲ್ಲಿ ಕಾರಣಗಳನ್ನು ಹುಡುಕುವ ಐದು ವಿಧಾನಗಳನ್ನು ಹೇಳಿದ್ದಾನೆ. ಪರೀಕ್ಷೆಯ ದೃಷ್ಟಿಯಿಂದ ಐದನ್ನೂ ಓದಬೇಕು. ನನ್ನ ಕೆಲಸಕ್ಕೆ ನಾಲ್ಕು ಸಾಕಾದವು. ಮದುವೆಯೂಟ ಉಂಡ ಹತ್ತು ಮಂದಿಗೆ ಹೊಟ್ಟೆ ಕೆಟ್ಟಿತೆನ್ನಿ. ಒಬ್ಬ ಹೋಳಿಗೆ ತಿಂದಿಲ್ಲ, ಇನ್ನೊಬ್ಬ ಮೊಸರು ಮುಟ್ಟಿಲ್ಲ, ಆದರೆ ಹತ್ತು ಮಂದಿಯೂ ಕೋಸಂಬರಿ ತಿಂದಿದ್ದಾರೆ; ಸಂಶಯ ಕೋಸಂಬರಿಯ ಮೇಲೆ ಬೀಳುತ್ತದೆ. ಇದು ಅನ್ವಯ. ಅಣ್ಣ ತಮ್ಮ ಇಬ್ಬರು ಒಂದೇ ಪಂಕ್ತಿಯಲ್ಲಿ ಕುಳಿತು ಎಲ್ಲವನ್ನೂ ಸಮನಾಗಿ ಉಂಡು, ಕೋಸಂಬರಿಯನ್ನು ಅಣ್ಣ ಮಾತ್ರ ತಿಂದು, ಅಣ್ಣ ಮಾತ್ರವೇ ಹಾಸಿಗೆ ಹಿಡಿದರೆ ಅದು ವ್ಯತಿರೇಕ. ಹೆಚ್ಚು ತಿಂದವನಿಗೆ ಹೆಚ್ಚು ನೋವು, ಕಡಮೆ ತಿಂದವನಿಗೆ ಕಡಮೆ ನೋವು ಎಂದು ಕಂಡುಬಂದರೆ ಸಹಪರಿವರ್ತನೆ. ತಿಳಿದ ಕಾರಣಗಳ ಪಾಲನ್ನೆಲ್ಲ ಕಳೆದ ಮೇಲೆ ಮಿಕ್ಕುದಕ್ಕೆ ಬೇರೆ ಕಾರಣವನ್ನು ಹುಡುಕುವುದು ಶೇಷವಿಧಾನ. ಅನ್ವಯ ವ್ಯತಿರೇಕಗಳೇನೋ ನಮ್ಮ ನ್ಯಾಯಶಾಸ್ತ್ರಕ್ಕೆ ಹಳೆಯ ನೆಂಟರು. ಮಿಲ್ ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಇಲ್ಲಿ ಅವುಗಳ ಚರ್ಚೆ ನಡೆದಿತ್ತು.

ಊರಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಕುಳಿತು, ನೋಟುಪುಸ್ತಕದ ಹಿಂಬದಿಯಲ್ಲಿ ನನ್ನ ಮೂರು ಪರೀಕ್ಷೆಗಳಿಗೂ ಒಂದೊಂದು ಗೆರೆ ಎಳೆದೆ. ದೀಪ ಒಂದರಲ್ಲಿ ಇಲ್ಲ, ಎರಡರಲ್ಲಿ ಇದೆ. ಗೈಡುಗಳೂ ಬೇರೆ ಕೊಠಡಿಯೂ ಟ್ಯೂಷನ್ನೂ ಇದ್ದುದು ಕೊನೆಯದರಲ್ಲಿ ಮಾತ್ರ. ಎಲ್ಲದರಲ್ಲಿಯೂ ಸಮಾನವಾಗಿದ್ದುದು ನಾನೊಬ್ಬನೇ ಎಂದು ಮೊದಲು ನಗು ಬಂತು. ಆಮೇಲೆ ಹಣ ಕಟ್ಟಿ ಉತ್ತರಪತ್ರಿಕೆಯ ನಕಲನ್ನು ತರಿಸಿಕೊಂಡಾಗ ನಗು ನಿಂತಿತು. ಪತ್ರಲೇಖನ, ಪ್ರಬಂಧ ಇವೆರಡರ ಜಾಗ ಖಾಲಿಯಾಗಿತ್ತು. ನೆನಪು ಮಾಡಿಕೊಂಡೆ, ಹಿಂದಿನ ಎರಡು ಸಲವೂ ಅವೆರಡನ್ನೇ ಬಿಟ್ಟು ಬಂದಿದ್ದೆ. ಸಮಯ ಸಾಲಲಿಲ್ಲವೆಂದು ಎಲ್ಲರಿಗೂ ಹೇಳಿದ್ದೆ, ನಾನೂ ನಂಬಿದ್ದೆ. ಆದರೆ ಅರ್ಧ ಗಂಟೆ ಮುಂಚೆಯೇ ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತದ್ದೂ ನನಗೆ ನೆನಪಿದೆ. ಸಮಯ ಸಾಲದವನು ಮುಂಚೆ ಏಕೆ ಎದ್ದು ಬಂದ?

ಇಂಗ್ಲಿಷಿನಲ್ಲಿ ಪತ್ರ ಬರೆಯಲು ನನಗೆ ಬಾರದು, ಅಷ್ಟೇ ತಾನೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡೆ. ಇಲ್ಲಿ ವ್ಯತಿರೇಕ ನೆರವಿಗೆ ಬಂತು. ಎರಡನೆಯ ಸಲ ನಪಾಸಾದ ತಿಂಗಳಲ್ಲೇ ನಮ್ಮ ಪಕ್ಕದ ಮನೆಯ ಅಜ್ಜಿಯ ಸೀಮೆ ಹಸು ಸತ್ತಿತ್ತು. ಅದಕ್ಕೆ ವಿಮೆ ಮಾಡಿಸಿದ್ದರು. ಆದರೆ ಕಿವಿಯಲ್ಲಿದ್ದ ವಿಮೆಯ ಬಿಲ್ಲೆ ಬೇಲಿಗೆ ಸಿಕ್ಕಿ ಕಿತ್ತುಹೋಗಿ, ಪಶುವೈದ್ಯರು ಬೇರೆ ನಂಬರಿನ ಬಿಲ್ಲೆ ಹಾಕಿದ್ದರು. ನಂಬರು ಹೊಂದದೆ ಹೋದರೆ ಹಣ ಬರುವುದಿಲ್ಲ. ಎಲ್ಲವನ್ನೂ ವಿವರಿಸಿ ಇಂಗ್ಲಿಷಿನಲ್ಲಿ ಪತ್ರ ಕೊಡಬೇಕೆಂದು ವಿಮೆಯವರು ಕೇಳಿದರು. “ನೀನು ಕಾಲೇಜು ಓದೋನಲ್ವೇನಪ್ಪ” ಎಂದು ಅಜ್ಜಿ ಕಾಗದ ತಂದಿಟ್ಟರು. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಒಂದೂವರೆ ಪುಟ ಬರೆದೆ. ಹಸುವಿನ ಬಣ್ಣ, ಬೇಲಿ, ಬಿಲ್ಲೆ, ತಾರೀಖು, ವೈದ್ಯರ ಪ್ರಮಾಣಪತ್ರ ಎಲ್ಲವೂ ಅದರಲ್ಲಿ ಬಂದವು. ತಪ್ಪುಗಳು ಬೇಕಾದಷ್ಟು ಇದ್ದಿರಬೇಕು, ಹಣವಂತೂ ಬಂತು. ಅದೇ ನಾನು, ಅದೇ ಇಂಗ್ಲಿಷು, ಹೆಚ್ಚು ಕಡಮೆ ಅದೇ ಪತ್ರಲೇಖನ. ಕೊಟ್ಟಿಗೆಯಲ್ಲಿ ಬಂದದ್ದು ಪರೀಕ್ಷಾಮಂದಿರದಲ್ಲಿ ಬರಲಿಲ್ಲ. ಎರಡು ಸಂದರ್ಭಗಳಿಗೂ ಇರುವ ವ್ಯತ್ಯಾಸವೇನು? ಕೊಟ್ಟಿಗೆಯಲ್ಲಿ ನನ್ನ ಇಂಗ್ಲಿಷನ್ನು ನೋಡಿ ಬೆಲೆ ಕಟ್ಟುವವರು ಯಾರೂ ಇರಲಿಲ್ಲ.

ಇದರ ಬೇರು ಎಲ್ಲಿದೆಯೆಂದು ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಎಂಟನೆಯ ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ‘ಐಲೆಂಡ್’ ಎಂಬುದನ್ನು ಅಕ್ಷರ ಹಿಡಿದು ‘ಇಸ್‌ಲ್ಯಾಂಡ್’ ಎಂದು ಓದಿದ್ದೆ. ತರಗತಿಯೆಲ್ಲ ನಕ್ಕಿತು, ಮೇಷ್ಟರೂ ನಕ್ಕರು. ಕೇಡು ಬಗೆದು ನಕ್ಕದ್ದಲ್ಲ. ನೆನೆದರೆ ಈಗ ನನಗೂ ನಗು ಬರುತ್ತದೆ. ಆದರೆ ಆ ವರ್ಷವೆಲ್ಲ ನನ್ನ ಹೆಸರು ಇಸ್‌ಲ್ಯಾಂಡ್ ಆಗಿತ್ತು. ಸ್ವಂತ ವಾಕ್ಯವನ್ನು ನಾಲ್ಕು ಜನರ ಮುಂದೆ ಇಡಬಾರದು, ಬಾಯಿಪಾಠವಾದುದನ್ನು ಮಾತ್ರ ಬರೆಯಬೇಕು ಎಂದು ಅಂದು ಮನಸ್ಸಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡೆ. ಕಟ್ಟಳೆ ಮಾಡಿದ್ದು ಮರೆತುಹೋಯಿತು, ಕಟ್ಟಳೆ ಉಳಿಯಿತು. ಗಾದೆಯ ಹೆಣ್ಣುಮಗಳಿಗೆ ಕುಣಿಯಲು ಬಾರದು. ನನಗೆ ಅಲ್ಪಸ್ವಲ್ಪ ಬರುತ್ತಿತ್ತು; ನೋಡುವವರಿದ್ದರೆ ಕಾಲು ಏಳುತ್ತಿರಲಿಲ್ಲ.

ಇದನ್ನು ಕಂಡುಕೊಂಡಾಗ ನಾಚಿಕೆಯಾಯಿತು. ಹೊರಗಿನ ಕಾರಣವಾದರೆ ಹೇಳಿಕೊಳ್ಳಬಹುದು; ಮನಸ್ಸೇ ಕಾರಣವೆಂದರೆ ಬುದ್ಧಿಗೇಡಿಯೆಂದು ಒಪ್ಪಿಕೊಂಡಂತೆ ಎಂದು ನಮ್ಮ ಭಾವನೆ. ಆ ಹೊತ್ತಿಗೆ ಮಿಲ್ಲನ ಆತ್ಮಕಥೆ ನಮ್ಮ ಗ್ರಂಥಾಲಯದಲ್ಲಿ ಸಿಕ್ಕಿದ್ದು ನನ್ನ ಪುಣ್ಯ. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆಯಿಂದ ಗ್ರೀಕ್ ಕಲಿಯತೊಡಗಿದವನು ಮಿಲ್. ಹದಿನೇಳನೆಯ ವಯಸ್ಸಿಗೆ, 1823ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಕಾನೂನು, ಚುನಾವಣೆ, ಶಿಕ್ಷಣ ಇವನ್ನೆಲ್ಲ ತಿದ್ದಿದರೆ ಮನುಷ್ಯ ಸುಖಿಯಾಗುತ್ತಾನೆಂದು ನಂಬಿ ಹೋರಾಡುತ್ತಿದ್ದ. 1826ರ ಶರತ್ಕಾಲದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ: ನಾನು ಬಯಸುವ ಸುಧಾರಣೆಗಳೆಲ್ಲ ಈ ಗಳಿಗೆಯೇ ಆಗಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೆ? ಇಲ್ಲವೆಂದು ಒಳಗಿನಿಂದ ಉತ್ತರ ಬಂತು. ಕಟ್ಟಡದ ತಳಪಾಯವೇ ಕುಸಿದಂತಾಗಿ ತಿಂಗಳುಗಟ್ಟಲೆ ಕತ್ತಲಲ್ಲಿ ನಡೆದ. ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ನೆನಪುಗಳಲ್ಲಿ ತಂದೆಯ ಸಾವಿನ ಪ್ರಸಂಗವನ್ನು ಓದಿ ಕಣ್ಣೀರು ಬಂದ ದಿನ ಭಾರ ಹಗುರವಾಯಿತಂತೆ. 1828ರಲ್ಲಿ ವರ್ಡ್ಸ್‌ವರ್ತ್ ಕವಿಯ ಓದು ಇನ್ನಷ್ಟು ಬಲ ಕೊಟ್ಟಿತಂತೆ. ಕಾರಣಗಳನ್ನು ಹುಡುಕುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದವನೇ ತನ್ನ ತೊಂದರೆಯ ಕಾರಣ ಹೊರಗಿಲ್ಲವೆಂದು ಒಪ್ಪಿಕೊಂಡದ್ದನ್ನು ಓದಿ ನನಗೆ ಧೈರ್ಯ ಬಂತು. ಅವನೆಲ್ಲಿ, ನಾನೆಲ್ಲಿ! ಆದರೂ ಇಪ್ಪತ್ತರ ವಯಸ್ಸು ಇಬ್ಬರಿಗೂ ಒಂದೇ.

ಊಹೆಯಾಯಿತು, ಪ್ರಯೋಗವೂ ಆಗಬೇಕಲ್ಲ. ನಾಲ್ಕನೆಯ ಸಲ ಪರೀಕ್ಷೆಯಲ್ಲಿ ಪತ್ರ ಮತ್ತು ಪ್ರಬಂಧಗಳನ್ನು ಮೊದಲು ಬರೆದೆ. ಪಕ್ಕದ ಮನೆಯ ಅಜ್ಜಿ ಕಾಗದ ತಂದಿಟ್ಟಿದ್ದಾರೆಂದು ಭಾವಿಸಿಕೊಂಡೆ. ತೇರ್ಗಡೆಗೆ ಬೇಕಾದುದಕ್ಕಿಂತ 6 ಅಂಕ ಹೆಚ್ಚು ಬಂತು. ಒಂದು ಪ್ರಯೋಗದಿಂದ ಸಿದ್ಧಾಂತ ನಿಲ್ಲದು, ಆ ಸಲದ ಪ್ರಶ್ನೆಗಳು ಸುಲಭವಾಗಿದ್ದಿರಬಹುದು ಎಂದು ತರ್ಕಶಾಸ್ತ್ರದ ಗುರುಗಳು ಹೇಳಿದರು, ಒಪ್ಪುತ್ತೇನೆ. ಶೇಷವಿಧಾನದ ಪ್ರಕಾರ ಭಯದ ಪಾಲನ್ನು ಕಳೆದು ನೋಡಿದರೆ ಮಿಕ್ಕದ್ದು ಇಂಗ್ಲಿಷ್ ಕ್ರಿಯಾಪದಗಳ ಕಾಲಗಳು. ಅವು ಮನಸ್ಸಿನ ದೋಷವಲ್ಲ, ನನಗೆ ಈಗಲೂ ಬಾರವು. ಅದಕ್ಕೆ ವ್ಯಾಕರಣದ ಪುಸ್ತಕವೇ ಮದ್ದು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನನಗೆ ಹೆಚ್ಚು ಗೌರವವಿರುತ್ತಿತ್ತು. ಮುಂದಿನದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ.

ಗೆದ್ದವನಿಗೆ ಉಪದೇಶ ಮಾಡುವ ಚಪಲ ಬರುತ್ತದೆ. ನನ್ನ ಕೊಠಡಿಯಲ್ಲಿ ಒಬ್ಬ ಸ್ನೇಹಿತನಿದ್ದ. ಇತಿಹಾಸದಲ್ಲಿ ಚುರುಕು, ಅರ್ಥಶಾಸ್ತ್ರದಲ್ಲಿ ತೀರ ಹಿಂದೆ. ತರಗತಿಯಲ್ಲಿ ಕೊನೆಯ ಬೆಂಚು. ಮಧ್ಯಾಹ್ನವಾದರೆ ತಲೆನೋವೆಂದು ಮಲಗುತ್ತಿದ್ದ. ಕಪ್ಪುಹಲಗೆಯ ಮೇಲಿನದನ್ನು ತಾನು ಬರೆದುಕೊಳ್ಳದೆ ರಾತ್ರಿ ನನ್ನ ನೋಟ್ಸು ತೆಗೆದುಕೊಂಡು ನಕಲು ಮಾಡುತ್ತಿದ್ದ. ನಾನು ಮಿಲ್ಲನ ಹೆಸರು ಹೇಳಿ ಅವನಿಗೆ ಒಂದು ತಿಂಗಳು ಪ್ರವಚನ ಮಾಡಿದೆ. “ಅರ್ಥಶಾಸ್ತ್ರ ನಮ್ಮಂಥವರಿಗಲ್ಲ ಎಂದು ಎಂದೋ ತೀರ್ಮಾನಿಸಿಕೊಂಡಿದ್ದೀಯೆ, ಹುಡುಕು” ಎಂದೆ. ಪಾಪ, ಅವನು ನಂಬಿ ಹುಡುಕಿದ. ಬಾಲ್ಯದಲ್ಲಿ ಲೆಕ್ಕ ತಪ್ಪಿದ್ದಕ್ಕೆ ಪೆಟ್ಟು ತಿಂದದ್ದನ್ನು ನೆನಪು ಮಾಡಿಕೊಂಡು ಅದೇ ಇರಬೇಕೆಂದ. ನಾನು ಗುರುವಿನಂತೆ ತಲೆದೂಗಿದೆ.

ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಉಚಿತ ನೇತ್ರತಪಾಸಣೆಯ ಶಿಬಿರ ನಡೆಯಿತು. ಅವನಿಗೆ ಎರಡು ಕಣ್ಣಿಗೂ ಮೈನಸ್ ಮೂರೂವರೆ! ಇಪ್ಪತ್ತು ವರ್ಷದ ತನಕ ಎಲ್ಲರಿಗೂ ಲೋಕ ಹಾಗೆಯೇ ಮಸುಕಾಗಿ ಕಾಣುತ್ತದೆಂದು ಅವನು ಭಾವಿಸಿದ್ದ. ಕನ್ನಡಕ ಬಂದ ದಿನ ಅಂಗಳದಲ್ಲಿ ನಿಂತು, “ಮರದಲ್ಲಿ ಎಲೆ ಬಿಡಿಬಿಡಿಯಾಗಿ ಕಾಣುತ್ತೆ ಕಣೋ” ಎಂದು ನಕ್ಕ. ತಲೆನೋವು ಹೋಯಿತು. ಅರ್ಥಶಾಸ್ತ್ರದ ರೇಖಾಚಿತ್ರಗಳು ಹಲಗೆಯ ಮೇಲೆ ಮೂಡಿದ್ದು ಆವತ್ತಿನಿಂದ. “ನಿನ್ನ ಮಿಲ್ ಸಾಹೇಬರಿಗೆ ಕನ್ನಡಕ ಇತ್ತೇನೋ?” ಎಂದು ಒಮ್ಮೆ ಕೇಳಿದ. ಅದಕ್ಕಿಂತ ಹೆಚ್ಚಿಗೆ ಅವನು ನನ್ನನ್ನು ಏನೂ ಅನ್ನಲಿಲ್ಲ.

ನೋಡಿ, ಸಾಕ್ಷ್ಯವೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಇತಿಹಾಸದ ಅಧ್ಯಾಪಕರು ಹೇಳಿ ಬರೆಸುತ್ತಾರೆ, ಅರ್ಥಶಾಸ್ತ್ರದವರು ಹಲಗೆಯ ಮೇಲೆ ಬರೆಯುತ್ತಾರೆ. ಕಿವಿಗೆ ಬೀಳುವ ವಿಷಯದಲ್ಲಿ ಚುರುಕು, ಕಣ್ಣಿಗೆ ಬೀಳಬೇಕಾದ ವಿಷಯದಲ್ಲಿ ಹಿಂದೆ. ಹಲಗೆಯ ಕೆಲಸ ಹೆಚ್ಚಾದ ದಿನ ತಲೆನೋವು ಹೆಚ್ಚು. ಸಹಪರಿವರ್ತನೆಗೆ ಇದಕ್ಕಿಂತ ಚೊಕ್ಕ ಉದಾಹರಣೆ ಪಠ್ಯಪುಸ್ತಕದಲ್ಲೂ ಇಲ್ಲ. ನಾನು ಇದನ್ನು ಕಾಣದೆ ಹೋದದ್ದೇಕೆ?

ಇದಕ್ಕೆ ಉತ್ತರ ಮನಶ್ಶಾಸ್ತ್ರದಲ್ಲಿದೆ. ಅಮೆರಿಕದ ಅಬ್ರಹಾಂ ಲೂಚಿನ್ಸ್ 1942ರಲ್ಲಿ ಪ್ರಕಟಿಸಿದ ನೀರಿನ ಕೊಡಗಳ ಪ್ರಯೋಗ ಪ್ರಸಿದ್ಧವಾದುದು. ಮೂರು ಕೊಡಗಳು: ಮೊದಲನೆಯದು 21 ಸೇರು, ಎರಡನೆಯದು 127, ಮೂರನೆಯದು 3. (ಸೇರಿನ ಲೆಕ್ಕ ನನ್ನದು, ಅಳತೆ ಯಾವುದಾದರೂ ಸರಿಯೆ.) ಸರಿಯಾಗಿ 100 ಸೇರು ನೀರು ಅಳೆಯಬೇಕು. ದೊಡ್ಡದನ್ನು ತುಂಬಿ, ಅದರಿಂದ ಮೊದಲನೆಯದನ್ನು ಒಂದು ಸಲ, ಮೂರನೆಯದನ್ನು ಎರಡು ಸಲ ತುಂಬಿಸಿ ತೆಗೆದರೆ ಉಳಿಯುವುದು 100. ಇದೇ ಉಪಾಯದಿಂದ ಬಿಡಿಸುವ ಲೆಕ್ಕಗಳನ್ನು ಸಾಲಾಗಿ ಕೊಟ್ಟು, ಆಮೇಲೆ 23, 49, 3ರ ಕೊಡಗಳಿಂದ 20 ಅಳೆಯಿರೆಂದರೆ, ಹೆಚ್ಚಿನವರು ಮತ್ತೆ ಆ ಉದ್ದನೆಯ ದಾರಿಯನ್ನೇ ಹಿಡಿಯುತ್ತಾರೆ. 23ರಿಂದ 3 ತೆಗೆದರೆ 20 ಎಂಬುದು ಮಗುವಿಗೂ ಹೊಳೆಯುವಂಥದು, ಇವರಿಗೆ ಹೊಳೆಯುವುದಿಲ್ಲ. ಆಮೇಲೆ 28, 76, 3ರಿಂದ 25 ಅಳೆಯಬೇಕು. ಇಲ್ಲಿ ಹಳೆಯ ಉಪಾಯ ಸಾಗುವುದೇ ಇಲ್ಲ, 28ರಿಂದ 3 ತೆಗೆದರೆ ಮುಗಿಯಿತು. ಆದರೂ ಎಷ್ಟೋ ಮಂದಿ ಬಿಡಿಸಲಾರದೆ ಕೈಚೆಲ್ಲಿದರು. ಮೊದಲಿನ ಲೆಕ್ಕಗಳನ್ನು ಮಾಡದವರಿಗೆ ಇವು ಕಷ್ಟವಾಗಲಿಲ್ಲ. ಕಣ್ಣು ತೆರೆದು ನೋಡಿ ಎಂಬ ಅರ್ಥದ ಎಚ್ಚರಿಕೆಯನ್ನು ಕಾಗದದ ಮೇಲೆ ಬರೆದುಕೊಳ್ಳಿರೆಂದು ಹೇಳಿದಾಗ ಕೆಲವರು ಸರಿದಾರಿಗೆ ಬಂದರು. ನಾನು ವಿದ್ಯಾರ್ಥಿನಿಲಯದಲ್ಲಿ ಮೂವರ ಮುಂದೆ ಈ ಲೆಕ್ಕಗಳನ್ನಿಟ್ಟೆ. ಇಬ್ಬರು ಉದ್ದನೆಯ ದಾರಿಯಲ್ಲೇ ಹೋದರು. ಗಣಿತವನ್ನು ಎಂದೂ ಮೆಚ್ಚದ ಮೂರನೆಯವನು ನೇರವಾಗಿ ಕಳೆದುಬಿಟ್ಟ.

ನನಗಾದುದೂ ಇದೇ. “ಮನಸ್ಸೇ ಕಾರಣ” ಎಂಬ ಉಪಾಯದಿಂದ ಒಂದು ಲೆಕ್ಕ ಬಿಡಿಸಿದೆ. ಆಮೇಲೆ ಎಲ್ಲ ಕೊಡಗಳಿಗೂ ಅದನ್ನೇ ಹಚ್ಚಿದೆ. ಮನಸ್ಸಿನ ಜಾಡನ್ನು ಕಂಡುಹಿಡಿದೆನೆಂಬ ಹೆಮ್ಮೆಯೇ ಹೊಸದೊಂದು ಜಾಡಾಯಿತು. ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತ ಕೊಡುತ್ತಾರಷ್ಟೆ. ಅವನಿಗೆ ಬೇಕಾದದ್ದು ದೊಣ್ಣೆಯಲ್ಲ, ದೀಪ. ಸರಿಯೆ, ಆದರೆ ತೆಂಗಿನ ತೋಟದಲ್ಲಿ ಬೆಳೆದವನಾಗಿ ಒಂದು ಮಾತು ಸೇರಿಸುತ್ತೇನೆ. ಕೆಲವು ಸಲ ಅದು ಹಾವೇ ಆಗಿರುತ್ತದೆ.

ನಾನು ಮಾಡಬೇಕಾಗಿದ್ದುದನ್ನು ಮಾಡಿದವನೊಬ್ಬನ ಕಥೆಯನ್ನು ಹೇಳುತ್ತೇನೆ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳಿಗೂ ಎರಡನೆಯದರಲ್ಲಿ ಸೂಲಗಿತ್ತಿಯರಿಗೂ ಶಿಕ್ಷಣ ನಡೆಯುತ್ತಿತ್ತು. 1846ರಲ್ಲಿ ಮೊದಲನೆಯದರಲ್ಲಿ ಬಾಣಂತಿಯರ ಪೈಕಿ ಶೇಕಡಾ 11.4 ಮಂದಿ ಸತ್ತರು. ಎರಡನೆಯದರಲ್ಲಿ ಶೇಕಡಾ 2.8. ಮೊದಲನೆಯದಕ್ಕೆ ಸೇರಿಸಬೇಡಿರೆಂದು ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ. ಅಲ್ಲಿದ್ದ ಹಂಗೆರಿಯ ತರುಣ ವೈದ್ಯ ಇಗ್ನಾಸ್ ಸೆಮ್ಮೆಲ್ವೈಸ್ ಕಾರಣಗಳನ್ನು ಒಂದೊಂದಾಗಿ ತೆಗೆದುಕೊಂಡ. ಕೆಟ್ಟ ಗಾಳಿಯೆಂದರೆ, ಎರಡು ವಿಭಾಗಗಳಿಗೂ ಗಾಳಿ ಒಂದೇ. ಜನಸಂದಣಿಯೆಂದರೆ, ಎರಡನೆಯದರಲ್ಲೇ ಸಂದಣಿ ಹೆಚ್ಚು. ಕೆಲವರು ಭಯವೇ ಕಾರಣವೆಂದರು. ಸಾಯುವವರಿಗೆ ಕೊನೆಯ ಸಂಸ್ಕಾರ ಮಾಡಲು ಪಾದ್ರಿ ಬರುವಾಗ ಮುಂದೆ ಒಬ್ಬ ಗಂಟೆ ಬಾರಿಸುತ್ತ ನಡೆಯುತ್ತಿದ್ದ. ಮೊದಲನೆಯ ವಿಭಾಗದಲ್ಲಿ ಅವರು ಎಲ್ಲ ಹಾಸಿಗೆಗಳ ನಡುವೆ ಹಾದುಹೋಗಬೇಕಾಗಿತ್ತು, ಎರಡನೆಯದರಲ್ಲಿ ಹಾಗಿರಲಿಲ್ಲ. ಗಂಟೆಯ ಸದ್ದಿಗೆ ಎದೆಯೊಡೆದು ಜ್ವರ ಬರುತ್ತದೆಂಬುದು ವಾದ. ಸ್ನೇಹಿತರೇ, ಇದು ನನ್ನ ಪ್ರವಚನದ ವಿಯೆನ್ನಾ ಆವೃತ್ತಿ!

ಆದರೆ ಸೆಮ್ಮೆಲ್ವೈಸ್ ತಲೆದೂಗಿ ಸುಮ್ಮನಾಗಲಿಲ್ಲ, ನಕ್ಕು ತಳ್ಳಿಹಾಕಲೂ ಇಲ್ಲ. ಪಾದ್ರಿಯನ್ನು ಒಪ್ಪಿಸಿ, ಗಂಟೆಯಿಲ್ಲದೆ ಸುತ್ತು ದಾರಿಯಿಂದ ಸದ್ದಿಲ್ಲದೆ ಬರುವಂತೆ ಮಾಡಿದ. ಸಾವು ಕಡಮೆಯಾಗಲಿಲ್ಲ. ಆಗ ಆ ಕಾರಣವನ್ನು ಕೈಬಿಟ್ಟ. 1847ರ ಮಾರ್ಚಿನಲ್ಲಿ ಅವನ ಸಹೋದ್ಯೋಗಿ ಕೊಲ್ಲೆಚ್ಕ, ಶವಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕತ್ತಿ ತಗುಲಿ, ಬಾಣಂತಿಯರಿಗೆ ಬರುವಂಥದೇ ಜ್ವರದಿಂದ ಸತ್ತ. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ವೈದ್ಯರೂ ವಿದ್ಯಾರ್ಥಿಗಳೂ ಶವದ ಕೊಠಡಿಯಿಂದ ನೇರವಾಗಿ ಹೆರಿಗೆಯ ಕೊಠಡಿಗೆ ಬರುತ್ತಿದ್ದರು. ಆ ಮೇ ತಿಂಗಳಿನಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟು ಮಾಡಿದ. 1848ರಲ್ಲಿ ಮೊದಲನೆಯ ವಿಭಾಗದ ಸಾವು ಶೇಕಡಾ 1.27ಕ್ಕೆ ಇಳಿಯಿತು, ಎರಡನೆಯದಕ್ಕಿಂತಲೂ ತುಸು ಕಡಮೆ.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಕಾರಣ ಸಿಕ್ಕಿತು, ಉಪಾಯ ಅಗ್ಗವಾದುದು, ಅಂಕಿಗಳು ಕಣ್ಣ ಮುಂದೆ ಇದ್ದವು. ಆದರೂ ಯೂರೋಪಿನ ಎಷ್ಟೋ ಹಿರಿಯ ವೈದ್ಯರು ಒಪ್ಪಲಿಲ್ಲ. ರೋಗ ವಾಸಿಮಾಡುವ ನಮ್ಮ ಕೈಗಳೇ ಸಾವನ್ನು ಹೊತ್ತು ತರುತ್ತವೆಂದರೆ ಯಾರು ತಾನೆ ಒಪ್ಪಿಯಾರು? ಸೆಮ್ಮೆಲ್ವೈಸನೂ ಸಮಾಧಾನದಿಂದ ವಾದಿಸುವವನಲ್ಲ. 1861ರಲ್ಲಷ್ಟೇ ಪುಸ್ತಕ ಬರೆದ, ವಿರೋಧಿಗಳನ್ನು ಕೊಲೆಗಾರರೆಂದು ಬೈದ, 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. 1847ಕ್ಕೆ ಮುಂಚೆ ಬಾಣಂತಿಯರು ಸಾಯುತ್ತಿದ್ದುದಕ್ಕೆ ಕಾರಣ ಕೈಯಲ್ಲಿತ್ತು. ಆ ಮೇಲೆ ಸತ್ತ ಬಾಣಂತಿಯರ ಸಾವಿಗೆ ಕಾರಣದ ಒಂದು ಪಾಲು ವೈದ್ಯರ ಮನಸ್ಸಿನಲ್ಲಿತ್ತು.

ಹಾಗಾದರೆ ಗುರುತೇನು? ನನಗೆ ತೋಚಿದಷ್ಟನ್ನು ಹೇಳುತ್ತೇನೆ. ನೆಪ ಬದಲಾಗುತ್ತ ಹೋಗಿ ಫಲ ಮಾತ್ರ ಬದಲಾಗದಿದ್ದರೆ, ನನ್ನ ದೀಪ, ಗೈಡು, ಟ್ಯೂಷನ್ನುಗಳಂತೆ, ಒಳಗೆ ನೋಡುವುದು ಮೇಲು. ಒಂದೇ ಕೆಲಸ ಒಂದು ಕಡೆ ಸಾಗಿ ಇನ್ನೊಂದು ಕಡೆ ಸಾಗದಿದ್ದರೆ, ಎರಡು ಕಡೆಗಳ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ಬರೆಯುವುದು ಮುಖ್ಯ. ನೆನಪು ನಮ್ಮ ಪಕ್ಷದ ವಕೀಲ, ಕಾಗದ ಹಾಗಲ್ಲ.

ಇನ್ನೊಂದು ಗುರುತನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ಅಪ್ಪ ದೀಪವನ್ನು ತಂದುಕೊಟ್ಟ ರಾತ್ರಿ ನನಗೆ ಸಂತೋಷವಾಗಬೇಕಾಗಿತ್ತು. ಆಗಲಿಲ್ಲ, ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಟ್ಯೂಷನ್ನಿಗೆ ಹಣ ಕಟ್ಟಿದ ದಿನವೂ ಹಾಗೆಯೇ ಆಯಿತು. ಕೊರತೆ ಎಂಬುದು ನನಗೆ ಗುರಾಣಿಯಾಗಿತ್ತು. ಒಂದೊಂದು ಅನುಕೂಲ ಬಂದಾಗಲೂ ಗುರಾಣಿಯ ಒಂದೊಂದು ತುಂಡು ಹೋಗುತ್ತಿತ್ತು. ನನ್ನ ಸ್ನೇಹಿತನಾದರೋ ಕನ್ನಡಕ ಹಾಕಿಕೊಂಡ ಕೂಡಲೆ ನಕ್ಕ. ಕಾರಣ ನಿಜವಾಗಿ ಹೊರಗಿದ್ದವನಿಗೆ ಮದ್ದು ಬಂದರೆ ಹಗುರವಾಗುತ್ತದೆ, ಒಳಗಿದ್ದವನಿಗೆ ದಿಗಿಲಾಗುತ್ತದೆ. ಈ ಗುರುತನ್ನು ಬೇರೊಬ್ಬರು ನೋಡಿ ಹೇಳುವುದು ಕಷ್ಟ. ಅವರವರೇ ಕಾಣಬೇಕು.

ಆದುದರಿಂದಲೇ ಎದುರಿಗಿರುವವನನ್ನು ಕುರಿತು “ನಿನ್ನ ಮನಸ್ಸೇ ಸರಿಯಿಲ್ಲ” ಎನ್ನುವ ಮೊದಲು ನೆಲವನ್ನು ಅಳೆಯಬೇಕೆಂದು ನನಗೆ ತೋರುತ್ತದೆ. ಆ ಮಾತಿಗೆ ಖರ್ಚಿಲ್ಲ. ದೀಪಕ್ಕೆ ಖರ್ಚಿದೆ, ಕನ್ನಡಕಕ್ಕೆ ಖರ್ಚಿದೆ, ಬಸ್ಸಿಗೆ ಖರ್ಚಿದೆ. ಬೆಳಗಿನ ಮೊದಲನೆಯ ತರಗತಿಗೆ ದಿನವೂ ತಡವಾಗಿ ಬರುವ ಸಹಪಾಠಿಗಳು ನಮ್ಮಲ್ಲಿದ್ದಾರೆ. ಶಿಸ್ತಿಲ್ಲದವರೆಂದು ನಾವು ಅವರನ್ನು ಆಡಿಕೊಳ್ಳುತ್ತೇವೆ. ಕೇಳಿ ನೋಡಿದೆ, ಅವರಲ್ಲಿ ಇಬ್ಬರ ಊರಿನಿಂದ ಮೊದಲ ಬಸ್ಸು ಹೊರಡುವುದೇ ನಮ್ಮ ತರಗತಿ ಆರಂಭವಾಗುವ ಹೊತ್ತಿಗೆ. ಮೂರನೆಯವನ ಮನೆ ಕಾಲೇಜಿನ ಹಿಂದೆಯೇ ಇದೆ. ಅವನ ವಿಷಯ ಅವನಿಗೇ ಗೊತ್ತು.

ನನ್ನ ಸ್ನೇಹಿತ ಈಗಲೂ ಕೊನೆಯ ಬೆಂಚಿನಲ್ಲೇ ಕೂರುತ್ತಾನೆ. ಅಲ್ಲಿಂದಲೇ ಎಲ್ಲ ಕಾಣುತ್ತದಂತೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಅವನಿಗೆ ಓದಿ ಹೇಳಿದೆ. “ಮೈನಸ್ ಮೂರೂವರೆ ಅಲ್ಲ, ಎಡಗಣ್ಣು ಮೂರೂಮುಕ್ಕಾಲು” ಎಂದು ತಿದ್ದಿದ. ಅಪ್ಪ ಈ ವರ್ಷದ ಕಾಯಿಯನ್ನು ಅಟ್ಟಕ್ಕೆ ಹಾಕಿದ್ದಾರೆ. ಇಳಿಸಲು ಇನ್ನೂ ನಾಲ್ಕು ತಿಂಗಳಿದೆ.